ಹೃದಯ ಬಡಿತ ನಿಧಾನವಾದಾಗ ಯಾವ ಪೇಸ್‌ಮೇಕರ್? ಒಂದು ಲೀಡ್, ಎರಡು ಲೀಡ್, ಲೀಡೇ ಇಲ್ಲದ್ದು

‘ಪೇಸ್‌ಮೇಕರ್ ಹಾಕಲೇಬೇಕು’ ಅಂತ ಡಾಕ್ಟರು ಹೇಳಿದ ಮೇಲೆ ಮನೆಯವರ ಕೈಗೆ ಒಂದು ಹಾಳೆ ಬರುತ್ತದೆ. ಸಿಂಗಲ್ ಚೇಂಬರ್ ಇಷ್ಟು, ಡ್ಯುಯಲ್ ಚೇಂಬರ್ ಇಷ್ಟು, ಎಂಆರ್‌ಐ ಮಾಡಿಸಬಹುದಾದದ್ದು ಇಷ್ಟು, ಲೀಡ್ (ಮೆಷಿನ್‌ನಿಂದ ಹೃದಯದೊಳಕ್ಕೆ ಹೋಗುವ ವೈರ್) ಇಲ್ಲದ್ದು ಇಷ್ಟು. ಕೆಳಗೆ ಸಹಿ ಮಾಡುವ ಜಾಗ. ಎಷ್ಟೋ ಮನೆಗಳಲ್ಲಿ ಇಡೀ ನಿರ್ಧಾರ ಅಲ್ಲೇ ರೇಟಿನ ಮೇಲೆ ಆಗಿಬಿಡುತ್ತದೆ. ಕೈಲಾದವರು, ಜಾಸ್ತಿ ರೇಟಿನದ್ದೇ ಒಳ್ಳೆಯದಿರಬೇಕು ಅಂತ ಹೂಂ ಅನ್ನುತ್ತಾರೆ. ಕೈಲಾಗದವರು ಕಮ್ಮಿಯದ್ದಕ್ಕೆ ಸಹಿ ಹಾಕಿ, ಅಪ್ಪನಿಗೆ ಅನ್ಯಾಯ ಮಾಡಿದೆವೇನೋ ಅಂತ ವರ್ಷಗಟ್ಟಲೆ ಕೊರಗುತ್ತಾರೆ.

ಪೇಸ್‌ಮೇಕರ್ ಚೆಕ್ ಮಾಡುವ ಕೆಲಸದಲ್ಲಿರುವ ನನಗೆ ಈ ಕೊರಗು ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಯಾಕೆಂದರೆ ಕೆಲವರಿಗೆ ಕಮ್ಮಿ ರೇಟಿನದ್ದೇ ಸರಿಯಾದ ಮೆಷಿನ್. ಇನ್ನು ಕೆಲವರಿಗೆ ಅದು ಸಾಲುವುದಿಲ್ಲ. ಇದನ್ನು ತೀರ್ಮಾನಿಸುವುದು ಎರಡು ಪ್ರಶ್ನೆಗಳು. ತೊಂದರೆ ಹೃದಯದ ಯಾವ ಜಾಗದಲ್ಲಿದೆ? ದಿನದ ಬಡಿತಗಳಲ್ಲಿ ಎಷ್ಟನ್ನು ಮೆಷಿನ್ನೇ ಬಡಿಸಬೇಕಾಗುತ್ತದೆ? ಈ ಎರಡಕ್ಕೆ ಉತ್ತರ ಸಿಕ್ಕರೆ ಆ ಹಾಳೆಯಲ್ಲಿ ನಿಮಗೆ ಬೇಕಾದದ್ದು ಒಂದೋ ಎರಡೋ ಸಾಲು ಮಾತ್ರ ಉಳಿಯುತ್ತದೆ.

ಮೊದಲು, ಮೆಷಿನ್ ಬೇಕೇ ಬೇಕಾ?

ನಿಧಾನ ಬಡಿತವೆಲ್ಲ ಕಾಯಿಲೆಯಲ್ಲ. ದಿನಾ ಓಡುವವರಿಗೆ, ಮೈಮುರಿದು ದುಡಿಯುವವರಿಗೆ ನಿಮಿಷಕ್ಕೆ 50ರ ಆಸುಪಾಸು ಇರುವುದು ಸಹಜ. ನಿದ್ದೆಯಲ್ಲಿ ಇನ್ನೂ ಇಳಿಯುತ್ತದೆ. ಜೋರು ಗೊರಕೆ ಇದ್ದು, ರಾತ್ರಿ ಮಾತ್ರ ಬಡಿತ ತಡೆದು ತಡೆದು ಬರುತ್ತಿದ್ದರೆ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವುದು) ಇದೆಯಾ ಅಂತ ಮೊದಲು ನೋಡಬೇಕು.

ಮಾತ್ರೆಗಳ ಕಡೆಗೂ ಒಮ್ಮೆ ಕಣ್ಣು ಹಾಯಿಸಿ. ಮೆಟೊಪ್ರೊಲಾಲ್, ಅಟೆನೊಲಾಲ್, ಡಿಲ್ಟಿಯಾಜೆಮ್, ವೆರಪಾಮಿಲ್, ಡಿಗಾಕ್ಸಿನ್, ಅಮಿಯೋಡರೋನ್ ಇವೆಲ್ಲ ಬಡಿತವನ್ನು ಇಳಿಸುತ್ತವೆ. ಗ್ಲಾಕೋಮಾಕ್ಕೆ ಕಣ್ಣಿಗೆ ಬಿಡುವ ಟಿಮೊಲಾಲ್ ಡ್ರಾಪ್ಸ್ ಕೂಡ ಇಳಿಸುತ್ತದೆ. ಕಣ್ಣಿನ ಹನಿ ಅಂತ ಅದನ್ನು ಯಾರೂ ಮಾತ್ರೆಗಳ ಪಟ್ಟಿಯಲ್ಲಿ ಹೇಳುವುದೇ ಇಲ್ಲ. ಆಸ್ಪತ್ರೆಗೆ ಹೋಗುವಾಗ ಮನೆಯಲ್ಲಿರುವ ಎಲ್ಲ ಸ್ಟ್ರಿಪ್, ಬಾಟಲಿಗಳನ್ನು ಒಂದು ಕವರಿಗೆ ಹಾಕಿಕೊಂಡು ಹೋಗಿ. ಹಾಗಂತ ನೀವಾಗಿಯೇ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ. ಮೆಟೊಪ್ರೊಲಾಲ್ ತರಹದ್ದನ್ನು ಒಮ್ಮೆಲೇ ಬಿಟ್ಟರೆ ಅದೇ ಅಪಾಯ.

ಥೈರಾಯ್ಡ್ ಕಮ್ಮಿಯಾದರೆ ಬಡಿತ ಇಳಿಯುತ್ತದೆ. ಕಿಡ್ನಿ ತೊಂದರೆ ಇರುವವರಲ್ಲಿ ರಕ್ತದ ಪೊಟ್ಯಾಸಿಯಂ ಏರಿದರೂ ಇಳಿಯುತ್ತದೆ. ಹೃದಯದ ಕೆಳಗೋಡೆಗೆ ಹಾರ್ಟ್ ಅಟ್ಯಾಕ್ ಆದಾಗ ಬರುವ ಬ್ಲಾಕ್ ಬಹಳಷ್ಟು ಸಲ ಕೆಲವೇ ದಿನಗಳಲ್ಲಿ ತಾನಾಗಿ ಸರಿಹೋಗುತ್ತದೆ. ನಮ್ಮ ಹಳ್ಳಿಗಳಲ್ಲಿ ಹಳದಿ ಕಣಗಿಲೆಯ ಬೀಜ ತಿಂದು ಬರುವವರಿದ್ದಾರೆ. ಅದರ ವಿಷಕ್ಕೂ ಹೃದಯದ ಕರೆಂಟ್ ದಾರಿ ಕಟ್ಟಿಕೊಳ್ಳುತ್ತದೆ, ವಿಷ ಇಳಿದರೆ ಬಿಟ್ಟುಕೊಳ್ಳುತ್ತದೆ. ಇಂಥವರಿಗೆಲ್ಲ ತಾತ್ಕಾಲಿಕ ಪೇಸಿಂಗ್, ಅಂದರೆ ಹೊರಗಿನ ಮೆಷಿನ್‌ನಿಂದ ಕೆಲವು ದಿನ ಬಡಿಸುವುದು, ಸಾಕಾಗಬಹುದು.

ಇನ್ನೊಂದು ಗೊಂದಲ ಇಲ್ಲೇ ಬಿಡಿಸಿಕೊಳ್ಳಿ. ಇಲ್ಲಿ ಬ್ಲಾಕ್ ಅಂದರೆ ರಕ್ತನಾಳ ಕಟ್ಟಿರುವುದಲ್ಲ, ಬಡಿತದ ಕರೆಂಟ್ ಸಾಗುವ ದಾರಿ ಕಟ್ಟಿರುವುದು. ‘ಸ್ಟೆಂಟ್ ಹಾಕಿ ಬಿಡಿ ಸಾರ್’ ಅಂತ ಕೇಳುವವರು ಬಹಳ. ಸ್ಟೆಂಟ್ ರಕ್ತದ ದಾರಿ ತೆರೆಯುತ್ತದೆ, ಕರೆಂಟಿನ ದಾರಿಯನ್ನಲ್ಲ.

ತೊಂದರೆ ಎಲ್ಲಿದೆ?

ಹೃದಯದ ಮೇಲಿನ ಬಲ ಕೋಣೆಯಲ್ಲಿರುವ ಸೈನಸ್ ನೋಡ್ ಬಡಿತದ ಕರೆಂಟ್ ಹುಟ್ಟಿಸುತ್ತದೆ. ಅದು ನಡುವಿನ ಎವಿ ನೋಡ್ ದಾಟಿ, ಕೆಳಗಿನ ಎರಡು ಕೋಣೆಗಳಿಗೆ ಇಳಿಯುತ್ತದೆ. ತೊಂದರೆ ಮೇಲೆ, ಕರೆಂಟ್ ಹುಟ್ಟುವಲ್ಲೇ ಇರಬಹುದು. ಅಥವಾ ನಡುವೆ, ದಾಟುವಲ್ಲಿ ಇರಬಹುದು. ಮೂರನೆಯ ಗುಂಪೂ ಇದೆ. ಅದು ಏಟ್ರಿಯಲ್ ಫಿಬ್ರಿಲೇಷನ್. ಮೇಲಿನ ಕೋಣೆಗಳು ಸುಮ್ನೆ ಕಂಪಿಸುತ್ತಿರುತ್ತವೆ, ಕೆಲವರಲ್ಲಿ ಕೆಳಗಿನ ಕೋಣೆಗೆ ಕರೆಂಟ್ ಅಪರೂಪಕ್ಕೆ ತಲುಪಿ ಬಡಿತ ನಿಧಾನವಾಗುತ್ತದೆ.

ಇಸಿಜಿ ಹಾಳೆ ನಿಮ್ಮ ಕೈಯಲ್ಲೇ ಇರುತ್ತದೆ ಅಲ್ವಾ? ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಚಿಕ್ಕ ಗುಡ್ಡದಂತೆ ಕಾಣುವುದು ಮೇಲಿನ ಕೋಣೆಯ ಗುರುತು. ಚೂಪಾಗಿ ಎದ್ದು ನಿಲ್ಲುವ ಗೆರೆ ಕೆಳಗಿನ ಕೋಣೆಯದು. ಹಾಳೆಯ ಮೇಲೆ ದೊಡ್ಡ ಚೌಕಗಳಿವೆ. ಮಾಮೂಲಿ ವೇಗದಲ್ಲಿ ತೆಗೆದ ಇಸಿಜಿಯಲ್ಲಿ ಐದು ದೊಡ್ಡ ಚೌಕ ಅಂದರೆ ಒಂದು ಸೆಕೆಂಡು. ಎರಡು ಚೂಪು ಗೆರೆಗಳ ನಡುವೆ 15 ಚೌಕ ಖಾಲಿ ಬಿದ್ದಿದ್ದರೆ ಮೂರು ಸೆಕೆಂಡು ಬಡಿತವೇ ಇರಲಿಲ್ಲ ಅಂತ ಅರ್ಥ.

ಆ ಖಾಲಿ ಜಾಗದಲ್ಲಿ ಗುಡ್ಡವೂ ಇಲ್ಲ, ಗೆರೆಯೂ ಇಲ್ಲ ಅಂದರೆ ಸಾಮಾನ್ಯವಾಗಿ ತೊಂದರೆ ಸೈನಸ್ ನೋಡಿನ ಕಡೆಯದು. ಗುಡ್ಡಗಳು ನಿಮಿಷಕ್ಕೆ 80ರಂತೆ ತಮ್ಮ ಪಾಡಿಗೆ ಬರುತ್ತಿವೆ, ಗೆರೆಗಳು 35ರಂತೆ ತಮ್ಮ ಪಾಡಿಗೆ, ಒಂದಕ್ಕೊಂದು ಸಂಬಂಧವೇ ಇಲ್ಲ ಅಂದರೆ ಅದು ಕಂಪ್ಲೀಟ್ ಹಾರ್ಟ್ ಬ್ಲಾಕ್. ಗುಡ್ಡಗಳೇ ಇಲ್ಲದೆ ನಡುಗುವ ಗೆರೆ ಇದ್ದರೆ ಏಟ್ರಿಯಲ್ ಫಿಬ್ರಿಲೇಷನ್. ಅಂತಿಮವಾಗಿ ಓದಬೇಕಾದವರು ಡಾಕ್ಟರೇ. ಆದರೆ ಇಷ್ಟು ಗೊತ್ತಿದ್ದರೆ ಅವರು ಹೇಳುವುದು ಅರ್ಥವಾಗುತ್ತದೆ.

ಸೈನಸ್ ನೋಡ್ ತೊಂದರೆಯಲ್ಲಿ, ಇಷ್ಟಕ್ಕಿಂತ ಇಳಿದರೆ ಪೇಸ್‌ಮೇಕರ್ ಹಾಕಲೇಬೇಕು ಅನ್ನುವ ಒಂದು ಸಂಖ್ಯೆ ಇಲ್ಲ. ತಲೆ ಸುತ್ತು, ಕಣ್ಣು ಕತ್ತಲೆ, ಸುಸ್ತು ಇವೆಲ್ಲ ಆ ನಿಧಾನ ಬಡಿತದಿಂದಲೇ ಬರುತ್ತಿವೆ ಅಂತ ಖಾತ್ರಿಯಾಗಬೇಕು. ಅದಕ್ಕೇ ದಿನವಿಡೀ ಬಡಿತ ದಾಖಲಿಸುವ ಹೋಲ್ಟರ್ ಕಟ್ಟಿ ಕಳಿಸುವುದು. ನಡುವಿನ ಬ್ಲಾಕ್ ಹಾಗಲ್ಲ. ಕಂಪ್ಲೀಟ್ ಬ್ಲಾಕ್ ಮತ್ತು ಮೊಬಿಟ್ಜ್ ಎರಡನೇ ಬಗೆಯ ಬ್ಲಾಕ್ (ನಡುನಡುವೆ ಕೆಲವು ಬಡಿತ ಇದ್ದಕ್ಕಿದ್ದಂತೆ ಕೆಳಗೆ ದಾಟದಿರುವುದು) ಸರಿಹೋಗುವ ಕಾರಣದಿಂದ ಬಂದದ್ದಲ್ಲದಿದ್ದರೆ, ‘ನನಗೇನೂ ಆಗ್ತಿಲ್ಲ, ಆರಾಮಾಗಿದ್ದೀನಿ’ ಅಂದರೂ ಪೇಸ್‌ಮೇಕರ್ ಬೇಕು. ಮುಂದೂಡಬೇಡಿ.

ಒಂದು ಲೀಡಾ, ಎರಡಾ?

ಸಿಂಗಲ್ ಚೇಂಬರ್‌ನಲ್ಲಿ ಒಂದೇ ಲೀಡ್. ಸಾಮಾನ್ಯವಾಗಿ ಕೆಳಗಿನ ಬಲ ಕೋಣೆಗೆ. ಕಾರ್ಡಿನ ಮೇಲೆ ವಿವಿಐ ಅಥವಾ ವಿವಿಐಆರ್ ಅಂತ ಬರೆದಿರುತ್ತದೆ. ಡ್ಯುಯಲ್ ಚೇಂಬರ್‌ನಲ್ಲಿ ಮೇಲೊಂದು, ಕೆಳಗೊಂದು. ಕಾರ್ಡಿನಲ್ಲಿ ಡಿಡಿಡಿ ಅಥವಾ ಡಿಡಿಡಿಆರ್. ಕೊನೆಯ ‘ಆರ್’ ಇದ್ದರೆ ನಡೆದಾಗ, ಮೆಟ್ಟಿಲು ಹತ್ತಿದಾಗ ಮೆಷಿನ್ ಬಡಿತವನ್ನು ತಾನೇ ಏರಿಸುತ್ತದೆ.

ಏಟ್ರಿಯಲ್ ಫಿಬ್ರಿಲೇಷನ್ ಕಾಯಂ ಆಗಿ ಕೂತಿದ್ದರೆ ತೀರ್ಮಾನ ಸುಲಭ. ಮೇಲಿನ ಕೋಣೆ ಕಂಪಿಸುತ್ತಲೇ ಇರುವುದರಿಂದ ಅಲ್ಲಿಗೆ ಲೀಡ್ ಹಾಕಿ ಪ್ರಯೋಜನವಿಲ್ಲ. ಸಿಂಗಲ್ ಚೇಂಬರ್ ಸಾಕು. ಇಲ್ಲಿ ಡ್ಯುಯಲ್‌ಗೆ ದುಡ್ಡು ಕೊಡುವುದು ದಂಡ.

ಸೈನಸ್ ನೋಡ್ ತೊಂದರೆಗೆ ನಾನು ಡ್ಯುಯಲ್ ಕಡೆಗೇ ವಾಲುತ್ತೇನೆ. ಕಾರಣ ಇದೆ. ಅಮೆರಿಕದಲ್ಲಿ 2,010 ರೋಗಿಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಮೋಸ್ಟ್ ಅಧ್ಯಯನದಲ್ಲಿ ಎಲ್ಲರಿಗೂ ಡ್ಯುಯಲ್ ಮೆಷಿನ್ನೇ ಹಾಕಿದ್ದರು. ಅರ್ಧ ಜನರದ್ದನ್ನು ಸಿಂಗಲ್ ತರಹ ಕೆಲಸ ಮಾಡುವಂತೆ ಸೆಟ್ ಮಾಡಿದ್ದರು. ಸಾವಿನಲ್ಲಿ, ಪಾರ್ಶ್ವವಾಯುವಿನಲ್ಲಿ ವ್ಯತ್ಯಾಸ ಬರಲಿಲ್ಲ. ಆದರೆ ಡ್ಯುಯಲ್ ಗುಂಪಿನಲ್ಲಿ ಏಟ್ರಿಯಲ್ ಫಿಬ್ರಿಲೇಷನ್ ಕಮ್ಮಿಯಾಯಿತು. ಸಿಂಗಲ್ ಗುಂಪಿನವರಲ್ಲಿ ಸುಮಾರು ಮೂರನೇ ಒಂದು ಭಾಗದವರನ್ನು ನಡುವೆಯೇ ಡ್ಯುಯಲ್‌ಗೆ ಬದಲಿಸಬೇಕಾಯಿತು. ಮುಖ್ಯ ಕಾರಣ ಪೇಸ್‌ಮೇಕರ್ ಸಿಂಡ್ರೋಮ್. ಮೇಲಿನ ಕೋಣೆ ಹಿಂಡುವ ಹೊತ್ತಿಗೆ ಕೆಳಗಿನ ಕೋಣೆಯೂ ಹಿಂಡಿ ಕವಾಟ ಮುಚ್ಚಿರುತ್ತದೆ. ರಕ್ತ ಹಿಂದಕ್ಕೆ ಒತ್ತುತ್ತದೆ. ಕುತ್ತಿಗೆಯ ನರ ಎಗರುತ್ತದೆ, ಬಿಪಿ ಇಳಿಯುತ್ತದೆ, ಕೂತಲ್ಲೇ ಸುಸ್ತು. ‘ಮೆಷಿನ್ ಹಾಕಿಸಿದ ಮೇಲೇ ಜಾಸ್ತಿ ಸುಸ್ತಾಗ್ತಿದೆ’ ಅಂತ ಯಾರಾದರೂ ಅಂದರೆ ಅದು ಮನಸ್ಸಿನ ಭ್ರಮೆ ಅಂತ ತಳ್ಳಿಹಾಕಬೇಡಿ. ಚೆಕ್ ಮಾಡಿಸಿ.

ಹಾಗಾದರೆ ಸೈನಸ್ ನೋಡ್ ತೊಂದರೆಗೆ ಮೇಲಿನ ಕೋಣೆಗೆ ಮಾತ್ರ ಒಂದು ಲೀಡ್ ಹಾಕಿದರೆ ಸಾಲದೇ? ಡೆನ್ಮಾರ್ಕಿನವರು ಮುಂದಾಳಾಗಿ ನಡೆಸಿದ ಡ್ಯಾನ್‌ಪೇಸ್ ಅಧ್ಯಯನ 2011ರಲ್ಲಿ ಇದಕ್ಕೆ ಉತ್ತರ ಕೊಟ್ಟಿತು. 1,415 ರೋಗಿಗಳಲ್ಲಿ, ಮೇಲೆ ಒಂದೇ ಲೀಡ್ ಇದ್ದವರಿಗೆ ಮತ್ತೆ ಆಪರೇಷನ್ ಬೇಕಾದ ಸಾಧ್ಯತೆ ಸುಮಾರು ಎರಡು ಪಟ್ಟು. ಮುಂದೆ ನಡುವಿನ ದಾರಿಯೂ ಕೆಟ್ಟರೆ ಕಾಪಾಡಲು ಕೆಳಗೆ ಲೀಡ್ ಇರುವುದಿಲ್ಲವಲ್ಲ. ಅದಕ್ಕೇ ಈಗ ಈ ಬಗೆ ಅಪರೂಪ.

ನಡುವಿನ ಬ್ಲಾಕ್‌ಗೂ ಸಾಮಾನ್ಯವಾಗಿ ಡ್ಯುಯಲ್ ಒಳ್ಳೆಯದು. ಮೇಲಿನ ಬಡಿತವನ್ನು ಗಮನಿಸಿ, ಅದರ ಹಿಂದೆಯೇ ಕೆಳಗೆ ಬಡಿಸುತ್ತದೆ. ಓಡಾಡುವ, ದುಡಿಯುವ ವ್ಯಕ್ತಿಗೆ ಈ ತಾಳ ಬೇಕು. ಆದರೆ ಬ್ರಿಟನ್ನಿನಲ್ಲಿ 70 ದಾಟಿದ 2,021 ಬ್ಲಾಕ್ ರೋಗಿಗಳ ಮೇಲೆ ನಡೆದ ಯುಕೆಪೇಸ್ ಅಧ್ಯಯನದಲ್ಲಿ (2005) ಸಿಂಗಲ್ ಮತ್ತು ಡ್ಯುಯಲ್ ನಡುವೆ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಈ ಮಾತನ್ನು ದುಡ್ಡಿಲ್ಲದೆ ಕೊರಗುವ ಮನೆಯವರಿಗೆ ನಾನು ಒತ್ತಿ ಹೇಳುತ್ತೇನೆ. 85ರ ಅಜ್ಜಿ, ಹೆಚ್ಚು ಓಡಾಟವಿಲ್ಲ, ಬೇರೆ ಕಾಯಿಲೆಗಳೂ ಇವೆ, ಬಡಿತ ಅಪರೂಪಕ್ಕೆ ನಿಲ್ಲುತ್ತದೆ ಅಂದರೆ ಸಿಂಗಲ್ ಹಾಕಿಸಿದವರು ಅಜ್ಜಿಗೆ ಏನೂ ಕಮ್ಮಿ ಮಾಡಿಲ್ಲ. ಒಂದು ಲೀಡ್ ಅಂದರೆ ಆಪರೇಷನ್ ಸಮಯ ಕಮ್ಮಿ, ಲೀಡ್ ಜಾರುವ ಸಾಧ್ಯತೆಯೂ ಕಮ್ಮಿ. ಬ್ಯಾಟರಿ ಕೂಡ ಸ್ವಲ್ಪ ಜಾಸ್ತಿ ವರ್ಷ ಬರುತ್ತದೆ.

ದಿನಕ್ಕೆ ಎಷ್ಟು ಬಡಿತ ಮೆಷಿನ್ನಿನದು?

ಹೋಲಿಕೆ ಮಾಡುವಾಗ ಬಹಳ ಜನ ಬಿಟ್ಟುಬಿಡುವ ವಿಷಯ ಇದು. ನನಗೆ ಅತಿ ಮುಖ್ಯ ಅನ್ನಿಸುವುದೂ ಇದೇ.

ಚೆಕ್ ಮಾಡಿದ ಮೇಲೆ ಕೊಡುವ ಪ್ರಿಂಟ್‌ನಲ್ಲಿ ‘ವಿಪಿ’ ಅಂತ ಒಂದು ಸಾಲು ಇರುತ್ತದೆ. ಪಕ್ಕದಲ್ಲಿ ಒಂದು ಶೇಕಡಾವಾರು. ಕೆಳಗಿನ ಕೋಣೆಯನ್ನು ಮೆಷಿನ್ ಎಷ್ಟು ಪಾಲು ಬಡಿಸಿದೆ ಅನ್ನುವುದರ ಲೆಕ್ಕ ಅದು. ಸೈನಸ್ ನೋಡ್ ತೊಂದರೆಯವರಲ್ಲಿ, ಸೆಟ್ಟಿಂಗ್ ಸರಿಯಿದ್ದರೆ, ಅದು ಶೇ. 1 ಅಥವಾ 2 ಕೂಡ ಇರಬಹುದು. ಕಂಪ್ಲೀಟ್ ಬ್ಲಾಕ್ ಇದ್ದವರಲ್ಲಿ ಶೇ. 98, 99.

ಈ ಅಂಕಿ ಯಾಕೆ ಮುಖ್ಯ? ಸಹಜ ಬಡಿತದಲ್ಲಿ ಕರೆಂಟ್ ತನ್ನದೇ ಆದ ವೇಗದ ದಾರಿಯಲ್ಲಿ ಇಳಿದು, ಎಡ ಬಲ ಎರಡೂ ಕೋಣೆಗಳನ್ನು ಒಟ್ಟಿಗೆ ಹಿಂಡಿಸುತ್ತದೆ. ಹಳೆಯ ಪದ್ಧತಿಯಲ್ಲಿ ಲೀಡನ್ನು ಬಲ ಕೋಣೆಯ ತುದಿಗೆ ಸಿಕ್ಕಿಸುತ್ತಾರೆ. ಅಲ್ಲಿಂದ ಹೊರಟ ಕರೆಂಟ್ ಹೆದ್ದಾರಿ ಬಿಟ್ಟು ಹೊಲದ ಬದುಗಳ ಮೇಲೆ ನಡೆದ ಹಾಗೆ, ಸ್ನಾಯುವಿನ ಮೂಲಕ ನಿಧಾನವಾಗಿ ಎಡಕ್ಕೆ ತಲುಪುತ್ತದೆ. ಎಡ ಕೋಣೆ ತಡವಾಗಿ, ಸೊಟ್ಟಗೆ ಹಿಂಡುತ್ತದೆ. ಅಪರೂಪಕ್ಕೆ ಹೀಗಾದರೆ ತೊಂದರೆಯಿಲ್ಲ. ವರ್ಷಗಟ್ಟಲೆ, ಪ್ರತಿ ಬಡಿತವೂ ಹೀಗೇ ಆದರೆ ಕೆಲವರ ಹೃದಯದ ಪಂಪಿಂಗ್ ಇಳಿಯುತ್ತದೆ. ಎಲ್ಲರಿಗೂ ಹಾಗಾಗುವುದಿಲ್ಲ. ವಿಪಿ ಶೇ. 20 ದಾಟಿದ ಮೇಲೆ ಸಾಧ್ಯತೆ ಏರುತ್ತಾ ಹೋಗುತ್ತದೆ.

ಆದ್ದರಿಂದ ಬ್ಲಾಕ್ ರೋಗಿಗೆ ಎಷ್ಟು ಲೀಡ್ ಅನ್ನುವುದರ ಜೊತೆಗೆ ಕೆಳಗಿನ ಲೀಡನ್ನು ಎಲ್ಲಿ ಕೂರಿಸುತ್ತೀರಿ ಅಂತಲೂ ಕೇಳಬೇಕು. ಈಗ ಲೆಫ್ಟ್ ಬಂಡಲ್ ಪೇಸಿಂಗ್ ಬಂದಿದೆ. ಚೀನಾದ ವೆನ್‌ಝೌನಲ್ಲಿ ವೈಜಿಯಾನ್ ಹುವಾಂಗ್ ಅವರ ತಂಡ 2017ರಲ್ಲಿ ಇದನ್ನು ವರದಿ ಮಾಡಿತು. ಎರಡು ಕೋಣೆಗಳ ನಡುವಿನ ಗೋಡೆಯೊಳಗೆ ಲೀಡನ್ನು ತಿರುಪಿನಂತೆ ಕೊರೆದು, ಆ ಸಹಜ ದಾರಿಯ ಎಡ ಕವಲಿಗೇ ತಾಗಿಸುತ್ತಾರೆ. ಬ್ಯಾಟರಿ ಇರುವ ಡಬ್ಬಿ ಮಾಮೂಲಿ ಡ್ಯುಯಲ್ ಚೇಂಬರಿನದ್ದೇ ಆಗಬಹುದು. ಬದಲಾಗುವುದು ಲೀಡ್ ಕೂರುವ ಜಾಗ, ಒಯ್ಯುವ ಕೊಳವೆ, ಮತ್ತು ಡಾಕ್ಟರ ಕೈಚಳಕ. ಅದಕ್ಕೂ ಮುಂಚೆ ಬಂದ ಹಿಸ್ ಬಂಡಲ್ (ಆ ಸಹಜ ದಾರಿ ಕವಲೊಡೆಯುವ ಮುಂಚಿನ ಭಾಗ) ಪೇಸಿಂಗ್‌ನಲ್ಲಿ ಲೀಡ್ ಹಿಡಿಸುವುದು ಕಷ್ಟ, ಕರೆಂಟೂ ಜಾಸ್ತಿ ಬೇಕಾಗುತ್ತಿತ್ತು. ಹೃದಯ ರಿದಮ್ ತಜ್ಞರ ಅಂತರರಾಷ್ಟ್ರೀಯ ಸಂಘಗಳು 2023ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಈ ಬಗೆಯ ಪೇಸಿಂಗ್‌ಗೆ ಜಾಗ ಸಿಕ್ಕಿದೆ. 50–60ರ ವಯಸ್ಸಿಗೇ ಕಂಪ್ಲೀಟ್ ಬ್ಲಾಕ್ ಬಂದು, ಮುಂದೆ 20–30 ವರ್ಷ ಮೆಷಿನ್ ಮೇಲೇ ಬದುಕಬೇಕಾದವರಿಗೆ ನಾನು ಮೊದಲು ಕೇಳಲು ಹೇಳುವುದು ಇದನ್ನೇ. ‘ಇಲ್ಲಿ ಲೆಫ್ಟ್ ಬಂಡಲ್ ಮಾಡುತ್ತೀರಾ? ದಿನಾ ಮಾಡುವ ಅಭ್ಯಾಸ ಇದೆಯಾ?’ ಅಂತ ನೇರ ಕೇಳಿ. ಕೇಳುವುದರಲ್ಲಿ ಅವಮರ್ಯಾದೆ ಏನಿಲ್ಲ.

ಪಂಪಿಂಗ್ ಮೊದಲೇ ಇಳಿದಿದ್ದರೆ ಈ ಪ್ರಶ್ನೆ ಇನ್ನೂ ಗಟ್ಟಿಯಾಗುತ್ತದೆ. ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟಿನಲ್ಲಿ ಪಂಪಿಂಗ್‌ನ ಅಳತೆ ‘ಇಎಫ್’ ಅಂತ ಇರುತ್ತದೆ. ಅದು ಶೇ. 36ರಿಂದ 50ರ ನಡುವೆ ಇದ್ದು, ವಿಪಿ ಶೇ. 40 ದಾಟುವ ನಿರೀಕ್ಷೆ ಇದ್ದರೆ, ಮಾಮೂಲಿ ಜಾಗದ ಬದಲು ಸಹಜ ದಾರಿಗೆ ಹತ್ತಿರವಾದ ಪೇಸಿಂಗ್ ಒಳ್ಳೆಯದು ಅಂತ ಅಮೆರಿಕದ 2018ರ ಮಾರ್ಗಸೂಚಿ ಹೇಳುತ್ತದೆ. ಇನ್ನೊಂದು ದಾರಿ ಸಿಆರ್‌ಟಿ. ಬಲ ಕೋಣೆಗೊಂದು, ಎಡ ಕೋಣೆಯ ಹೊರಮೈಗೆ ರಕ್ತನಾಳದ ಮೂಲಕ ಇನ್ನೊಂದು ಲೀಡ್. ಎರಡೂ ಕಡೆ ಒಟ್ಟಿಗೆ ಬಡಿತ. 2013ರ ಬ್ಲಾಕ್ ಎಚ್‌ಎಫ್ ಅಧ್ಯಯನದಲ್ಲಿ, ಇಎಫ್ ಶೇ. 50 ಅಥವಾ ಅದಕ್ಕಿಂತ ಕಮ್ಮಿ ಇದ್ದ ಬ್ಲಾಕ್ ರೋಗಿಗಳಿಗೆ ಬಲ ಕೋಣೆಯ ಪೇಸಿಂಗಿಗಿಂತ ಇದು ಮೇಲು ಅಂತ ಕಂಡಿತು. ರೇಟು ಜಾಸ್ತಿ, ಆಪರೇಷನ್ನೂ ಉದ್ದ. ಆದರೆ ಪಂಪಿಂಗ್ ಕಮ್ಮಿ ಇರುವವರಿಗೆ ಬರೀ ರೇಟು ನೋಡಿ ಇದನ್ನು ಬಿಡುವುದು ನನಗೆ ಒಪ್ಪಿಗೆಯಿಲ್ಲ. ಎಕೋ ಮಾಡಿಸದೆ ಪೇಸ್‌ಮೇಕರ್ ಬಗೆ ತೀರ್ಮಾನಿಸುವುದಂತೂ ಬೇಡವೇ ಬೇಡ.

ವಯಸ್ಸು 60ರ ಒಳಗಿದ್ದು ಕಾರಣ ತಿಳಿಯದೆ ಬ್ಲಾಕ್ ಬಂದಿದ್ದರೆ ಸಾರ್ಕಾಯ್ಡ್ (ಅಂಗಗಳಲ್ಲಿ ಉರಿಯೂತದ ಸಣ್ಣ ಗಂಟುಗಳಾಗುವುದು) ತರಹದ ಕಾಯಿಲೆ ಹೃದಯದಲ್ಲಿದೆಯಾ ಅಂತಲೂ ನೋಡಬೇಕು. ಅದಿದ್ದರೆ ಬಡಿತ ಅಪಾಯಕಾರಿಯಾಗಿ ಏರುವ ಸಾಧ್ಯತೆಯೂ ಇರುತ್ತದೆ. ಆಗ ಶಾಕ್ ಕೊಡುವ ಐಸಿಡಿ ಬೇಕಾಗಬಹುದು. ಮಾಮೂಲಿ ಪೇಸ್‌ಮೇಕರ್ ಶಾಕ್ ಕೊಡುವುದಿಲ್ಲ.

ಲೀಡ್ ಇಲ್ಲದ್ದು

ಎಲ್ಲರೂ ಆಸೆಯಿಂದ ಕೇಳುವುದು ಇದನ್ನು. ಇದರಲ್ಲಿ ಮೈಕ್ರಾ ಎಂಬುದು ಸುಮಾರು 2.6 ಸೆಂಟಿಮೀಟರ್ ಉದ್ದ, ಎರಡು ಗ್ರಾಂ ತೂಕ. ಎದೆ ಕೊಯ್ಯುವುದಿಲ್ಲ. ತೊಡೆಸಂದಿಯ ರಕ್ತನಾಳದಿಂದ ಒಯ್ದು, ಕೆಳಗಿನ ಬಲ ಕೋಣೆಯೊಳಗೇ ಕೂರಿಸುತ್ತಾರೆ. ಮೈಕ್ರಾಕ್ಕೆ ಅಮೆರಿಕದಲ್ಲಿ 2016ರಲ್ಲಿ ಅನುಮತಿ ಸಿಕ್ಕಿತು.

ಯಾರಿಗೆ ಇದು ನಿಜವಾಗಿ ಬೇಕು? ಡಯಾಲಿಸಿಸ್ ಮಾಡಿಸುವವರಿಗೆ. ಅವರ ತೋಳಿನಲ್ಲಿ ಡಯಾಲಿಸಿಸ್‌ಗಾಗಿ ರಕ್ತನಾಳ ಜೋಡಿಸಿ ಮಾಡಿದ ಫಿಸ್ಟುಲಾಕ್ಕೆ ಸೇರಿದ ರಕ್ತನಾಳ ಲೀಡಿನಿಂದ ಕಿರಿದಾಗುವುದು ದೊಡ್ಡ ನಷ್ಟ. ಹಳೆಯ ಪೇಸ್‌ಮೇಕರ್ ಜಾಗಕ್ಕೆ ಸೋಂಕು ತಗುಲಿ ತೆಗೆಸಿಕೊಂಡವರಿಗೆ. ಎದೆಯ ಮೇಲ್ಭಾಗದ ರಕ್ತನಾಳಗಳು ಮುಚ್ಚಿಕೊಂಡವರಿಗೆ. ಇವರ ಮಟ್ಟಿಗೆ ಇದು ವರದಾನ.

ಉಳಿದವರು ಮಿತಿಯನ್ನೂ ತಿಳಿದುಕೊಳ್ಳಬೇಕು. ಸಾಮಾನ್ಯ ಲೀಡ್‌ಲೆಸ್ ಕೆಳಗಿನ ಕೋಣೆಯನ್ನಷ್ಟೇ ಬಡಿಸುತ್ತದೆ, ಅಂದರೆ ಸಿಂಗಲ್ ಚೇಂಬರಿನ ಕೆಲಸ. 2020ರ ಮೈಕ್ರಾ ಎವಿ ಮೇಲಿನ ಕೋಣೆಯ ಹಿಂಡುವಿಕೆಯನ್ನು ಅಲುಗಾಟದಿಂದ ಗುರುತಿಸಿ ತಾಳ ಹಿಡಿಯುತ್ತದೆ. ಬಡಿತ ವೇಗವಾದಾಗ ಆ ತಾಳ ತಪ್ಪಬಹುದು. ಎರಡು ಚಿಕ್ಕ ಮೆಷಿನ್‌ಗಳನ್ನು ಹಾಕಿ ಡ್ಯುಯಲ್ ತರಹ ಕೆಲಸ ಮಾಡಿಸುವ ಅವೇರ್ ಡಿಆರ್‌ಗೆ 2023ರಲ್ಲಿ ಅಮೆರಿಕದ ಅನುಮತಿ ಬಂತು. ಬ್ಯಾಟರಿ ಮುಗಿದಾಗಿನ ಲೆಕ್ಕವೂ ಬೇರೆ. ಮಾಮೂಲಿ ಪೇಸ್‌ಮೇಕರಿನಲ್ಲಿ ಲೀಡ್ ಹಾಗೇ ಬಿಟ್ಟು ಡಬ್ಬಿ ಮಾತ್ರ ಬದಲಿಸುತ್ತಾರೆ. ಇಲ್ಲಿ ಹಳೆಯದನ್ನು ಸಾಮಾನ್ಯವಾಗಿ ಒಳಗೇ ಬಿಟ್ಟು ಪಕ್ಕದಲ್ಲಿ ಹೊಸದು ಹಾಕಬೇಕಾಗಬಹುದು. ಅವೇರ್ ಮಾತ್ರ ಹೊರತೆಗೆಯಲು ಅನುಕೂಲವಾಗುವಂತೆ ಮಾಡಿದ್ದು. ತೀರಾ ಸಣಕಲಾದ, ವಯಸ್ಸಾದ ಹೆಂಗಸರಲ್ಲಿ ಹಾಕುವಾಗ ಹೃದಯದ ಗೋಡೆಗೆ ತೂತಾಗುವ ಅಪಾಯ ಸ್ವಲ್ಪ ಜಾಸ್ತಿ. ರೇಟಂತೂ ಹಲವು ಪಟ್ಟು. ಎದೆಯ ಮೇಲೆ ಗೆರೆ ಕಾಣಬಾರದು ಅನ್ನುವ ಒಂದೇ ಕಾರಣಕ್ಕೆ ಸಾಲ ಮಾಡಿ ಇದನ್ನು ಹಾಕಿಸುವುದು ಬೇಡ.

ಕೆಲಸ, ಅಡುಗೆಮನೆ, ಎಂಆರ್‌ಐ

ಡಬ್ಬಿಯನ್ನು ಸಾಮಾನ್ಯವಾಗಿ ಎದೆಯ ಎಡಗಡೆ, ಕಾಲರ್ ಬೋನ್ ಕೆಳಗೆ ಇಡುತ್ತಾರೆ. ಎಡಚರು, ಎಡ ಹೆಗಲ ಮೇಲೇ ಮೂಟೆ ಹೊರುವವರು ಮುಂಚೆಯೇ ಹೇಳಿ, ಬಲಗಡೆ ಇಡಿಸಿಕೊಳ್ಳಬಹುದು. ಆಪರೇಷನ್ ಆದ ಮೇಲೆ ನಾಲ್ಕಾರು ವಾರ ಆ ಕೈಯನ್ನು ಭುಜಕ್ಕಿಂತ ಮೇಲೆ ಎತ್ತಬಾರದು, ಭಾರ ಹೊರಬಾರದು. ಹಾಗಂತ ಕೈ ಆಡಿಸದೆ ಕಟ್ಟಿಹಾಕಿಕೊಂಡರೆ ಭುಜ ಹಿಡಿದುಕೊಳ್ಳುತ್ತದೆ.

ಎಂಆರ್‌ಐ ಮಾಡಿಸಬಹುದಾದ ಮೆಷಿನ್‌ಗೆ ಸ್ವಲ್ಪ ಜಾಸ್ತಿ ಕೊಡುವುದು ನನ್ನ ದೃಷ್ಟಿಯಲ್ಲಿ ಸರಿ. ವಯಸ್ಸಾಗುತ್ತಾ ಬೆನ್ನಿಗೋ ತಲೆಗೋ ಎಂಆರ್‌ಐ ಬೇಕಾಗುವುದು ಸಾಮಾನ್ಯ. ಡಬ್ಬಿ ಮಾತ್ರ ಅಲ್ಲ, ಲೀಡ್ ಕೂಡ ಎಂಆರ್‌ಐಗೆ ಒಗ್ಗುವಂಥದ್ದೇ ಆಗಿರಬೇಕು. ಎರಡನ್ನೂ ಕೇಳಿ, ಕಾರ್ಡಿನಲ್ಲಿ ಬರೆಸಿಕೊಳ್ಳಿ.

ಇಂಡಕ್ಷನ್ ಒಲೆಯಿಂದ ಎರಡು ಅಡಿ ದೂರ, ಮೊಬೈಲನ್ನು ಡಬ್ಬಿಯಿಂದ 15 ಸೆಂಟಿಮೀಟರ್ ದೂರ. ಅಂಗಿಯ ಎಡ ಜೇಬಿನಲ್ಲಿ ಫೋನ್ ಇಡುವ ಅಭ್ಯಾಸ ಬಿಡಿ. ವೆಲ್ಡಿಂಗ್ ಕೆಲಸದವರು ಮೆಷಿನ್ ಆರಿಸುವ ಮೊದಲೇ ಡಾಕ್ಟರ ಬಳಿ ಮಾತಾಡಬೇಕು. ಹೇಳಲು ಕಷ್ಟವಾದರೂ ಮನೆಯವರಿಗೆ ಗೊತ್ತಿರಬೇಕಾದ ಇನ್ನೊಂದು ಮಾತಿದೆ. ಚಿತೆಯ ಬೆಂಕಿಗೆ ಬ್ಯಾಟರಿ ಸಿಡಿಯುತ್ತದೆ. ದಹನಕ್ಕೆ ಮುಂಚೆ ಅದನ್ನು ತೆಗೆಸಬೇಕು.

ದುಡ್ಡು ಮತ್ತು ಸಮಯ

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಪೇಸ್‌ಮೇಕರ್ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30 ಸರ್ಕಾರದಿಂದ, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಆಸ್ಪತ್ರೆಯಲ್ಲಿ ಈ ಯೋಜನೆಗೆ ನೆರವಾಗುವ ಆರೋಗ್ಯ ಮಿತ್ರರನ್ನು ಹುಡುಕಿ, ಡಾಕ್ಟರು ಹೇಳಿದ ಬಗೆಯೇ ಈ ಪ್ಯಾಕೇಜಿನಲ್ಲಿ ಸಿಗುತ್ತದಾ ಅಂತ ಮುಂಚೆಯೇ ಕೇಳಿ. ಬೆಂಗಳೂರು, ಮೈಸೂರು, ಕಲಬುರಗಿಯಲ್ಲಿ ಸರ್ಕಾರದ ಜಯದೇವ ಆಸ್ಪತ್ರೆಗಳಿವೆ.

ಆರಿಸಲು ಪುರಸೊತ್ತೇ ಇಲ್ಲ ಅನ್ನುವ ಸ್ಥಿತಿಯಲ್ಲಿ ಬಂದವರಿಗೂ ದಾರಿ ಇದೆ. ಬಿದ್ದು ಪ್ರಜ್ಞೆ ತಪ್ಪಿ ಬಂದವರಿಗೆ ಕುತ್ತಿಗೆಯಿಂದಲೋ ತೊಡೆಸಂದಿಯಿಂದಲೋ ತಾತ್ಕಾಲಿಕ ವೈರ್ ಹಾಕಿ, ಹೊರಗಿನ ಮೆಷಿನ್‌ನಿಂದ ಬಡಿತ ಕಾಯುತ್ತಾರೆ. ಹಾಗೆ ಹಾಕಿದ ಮೇಲೆ ಎಕೋ, ಪೊಟ್ಯಾಸಿಯಂ, ಥೈರಾಯ್ಡ್ ರಿಪೋರ್ಟ್ ಬರುವವರೆಗೆ ಕಾಯಲು ಸಾಮಾನ್ಯವಾಗಿ ಅವಕಾಶ ಸಿಗುತ್ತದೆ. ಆ ವೈರ್ ಜಾಸ್ತಿ ದಿನ ಇದ್ದರೆ ಸೋಂಕಿನ ಭಯ ಇರುವುದರಿಂದ ತೀರ್ಮಾನವನ್ನು ಮುಂದೂಡುತ್ತಾ ಹೋಗಬಾರದು. ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಬೇಕಿದ್ದರೆ ಇಸಿಜಿ ಮತ್ತು ಎಕೋ ರಿಪೋರ್ಟಿನ ಫೋಟೊ ತೆಗೆದು ಅವರಿಗೆ ಅದೇ ದಿನ ತೋರಿಸಿ, ಆಮೇಲೆ ಆ ಹಾಳೆಗೆ ಸಹಿ ಮಾಡಿ.